ಶುಕ್ರವಾರ ಗಣಪತಿಯನ್ನು ಅಳಿಸಿದ್ದು

ನಾನು ನಿಂತಿದ್ದದ್ದು ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ, ದೇವರಮನೆಯ ಹೊಸ್ತಿಲಿನ ಹೊರಗೆ. ಎಡಗೈ ಬಾಗಿಲಿನ ಚೌಕಟ್ಟಿನ ಮೇಲಿತ್ತು, ಬಲಗೈಯಲ್ಲಿ ಅಮ್ಮನ ಫೋನು. ಹೋದ ವರ್ಷ ಜುಲೈ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಶುಕ್ರವಾರವೇ ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಮೇಲಿನ ಜಗಳಕ್ಕೆ ಅರ್ಧ ಕಾರಣ ಆ ವಾರವೇ.

ಅದಕ್ಕೆ ತುಸು ಮುಂಚೆ ಮಗಳು ಕರಾವಳಿಯ ಒಂದು ಕಾಲೇಜಿಗೆ ಫೋನು ಮಾಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಫಿಸಿಯೋಥೆರಪಿ ಸೀಟು. ಸೀಟು ಸಿಕ್ಕಿದೆ, ನಿನ್ನೆಯೇ ಮೇಲ್ ಕಳಿಸಿದ್ದೇವೆ, ಆದರೆ ಅದು ವಾಪಸ್ ಬಂದಿದೆ ಎಂದು ಕಚೇರಿಯವರು ಹೇಳಿದರಂತೆ. ಅರ್ಜಿಯಲ್ಲಿ ಕೊಟ್ಟ ವಿಳಾಸ ಬಿಟ್ಟು ಬೇರೆಯದಕ್ಕೆ ಕಳಿಸುವ ಹಾಗಿಲ್ಲ. ಅದರಲ್ಲಿರುವ ಲಿಂಕ್ ಒತ್ತಿ ಅಂದು ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಸೀಟು ಮುಂದಿನವರಿಗೆ. ಇಷ್ಟನ್ನೂ ನಮಗೆ ಹೇಳಿ ಅವಳು ಸೋಫಾದ ಅಂಚಿನಲ್ಲಿ ಕುಳಿತು ಉಗುರಿನ ಬಣ್ಣ ಕೆರೆಯತೊಡಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅರ್ಜಿಯಲ್ಲಿದ್ದದ್ದು ನನ್ನ ಮೇಲ್ ವಿಳಾಸ. ಗ್ಯಾಸ್ ಕನೆಕ್ಷನ್ನಿನ ಹಾಗೆ ನಮ್ಮ ಮನೆಗೆಲ್ಲ ಅದೊಂದೇ. ಅಮ್ಮನಿಗೆ ಫೋನು ಕೊಡಿಸಿದಾಗ ಅದರಲ್ಲೂ ನನ್ನದನ್ನೇ ಹಾಕಿದ್ದೆವು. ಆವತ್ತಿನಿಂದ ಅವಳಿಗೆ ಬಂದ, ಶುಭೋದಯ ಎಂದು ಬರೆದ ಪ್ರತಿಯೊಂದು ದೇವರ ಚಿತ್ರವೂ ನನ್ನ ಖಾತೆಯಲ್ಲಿ ಬಂದು ಕೂರುತ್ತಿತ್ತು. ಖಾತೆ ತುಂಬಿದೆ, ಇನ್ನು ಮೇಲ್ ಬರುವುದಿಲ್ಲ ಎಂಬ ಕೆಂಪು ಪಟ್ಟಿಯನ್ನು ನಾವೆಲ್ಲರೂ ನೋಡಿದ್ದೆವು, ಎಲ್ಲರೂ ಅದನ್ನು ಸರಿಸಿ ಮುಂದಕ್ಕೆ ಹೋಗಿದ್ದೆವು.

ದುಡ್ಡು ಕೊಟ್ಟು ಜಾಗ ಹೆಚ್ಚಿಸಿಕೊಳ್ಳಲು ನೋಡಿದೆ. ಪಾವತಿ ವಿಫಲ ಎಂದೇ ಬಂತು, ಮತ್ತೆ ಒತ್ತಿದರೂ ಅದೇ. ನನ್ನ ಪಾಲಿನ ಫೋಟೊಗಳನ್ನು ಅಳಿಸಿದೆ, ಬೇಡದ ಮೇಲ್‌ಗಳನ್ನು ಅಳಿಸಿದೆ. ಪಟ್ಟಿ ಕೆಂಪಾಗಿಯೇ ಉಳಿಯಿತು. ಇನ್ನು ಉಳಿದದ್ದು ಅಮ್ಮನ ದೇವರುಗಳು.

ಒಂದೇ ಒತ್ತಿಗೆ ಎಲ್ಲವನ್ನೂ ತೆಗೆದುಹಾಕಬಹುದಿತ್ತು. ಹಿಂದೊಮ್ಮೆ ಕೇಳದೆ ಹಾಗೆ ಮಾಡಿದಾಗ ಅಮ್ಮ ರಾತ್ರಿ ಊಟ ಬಿಟ್ಟಿದ್ದಳು. ಈ ಸಲ ಕೇಳಿದೆ. ದೇವರಮನೆಯೊಳಗೆ ಕುಳಿತಿದ್ದ ಅಮ್ಮ ಕನ್ನಡಕ ಹಾಕಿಕೊಂಡು, ನಾನು ಯಾವ ಗುಂಡಿ ಒತ್ತಲಿದ್ದೇನೆಂದು ನೋಡಿದಳು. ಅವಳ ಫೋನು ಕನ್ನಡದಲ್ಲಿತ್ತು. ಅಳಿಸಿದ್ದೆಲ್ಲ ಹೋಗಿ ಬೀಳುವ ಜಾಗಕ್ಕೆ ಅದರಲ್ಲಿ ಇಟ್ಟಿದ್ದ ಹೆಸರು ‘ಅನುಪಯುಕ್ತ’. ಪಕ್ಕದಲ್ಲಿ ಕಸದ ಬುಟ್ಟಿಯ ಚಿತ್ರ ಬೇರೆ.

“ದೇವರು ಅನುಪಯುಕ್ತನೇನೋ?” ಎಂದಳು.

ಅದು ಬರೀ ಹೆಸರು ಎಂದೆ. ಹಳೆಯ ದೇವರ ಪಟವನ್ನು ನಮ್ಮ ಮನೆಯಲ್ಲಿ ಯಾರೂ ಕಸಕ್ಕೆ ಹಾಕಿದ್ದಿಲ್ಲ, ಅರಳಿಕಟ್ಟೆಯಲ್ಲಿಟ್ಟು ಬರುತ್ತೇವೆ ಎಂದು ನೆನಪಿಸಿದಳು. “ಇದ್ರಲ್ಲಿ ಅರಳಿಕಟ್ಟೆ ಎಲ್ಲಿದೆ ತೋರ್ಸು, ನಾನೇ ಇಟ್ಟು ಬರ್ತೀನಿ.”

ಸೀಟು ಹೋಗುತ್ತದಮ್ಮ ಎಂದೆ. ಹೋಗಬಾರದು ಎಂದೇ ಹೇಳುತ್ತಿದ್ದೇನೆ, ಶುಕ್ರವಾರದ ದಿನ ಲಕ್ಷ್ಮಿಯನ್ನು ಮನೆಯಿಂದ ಆಚೆ ಹಾಕಿದರೆ ಸೀಟು ನಿಲ್ಲುತ್ತದೆಯೇ ಎಂದು ತಿರುಗಿ ಕೇಳಿದಳು. ನನ್ನ ದನಿ ಏರಿತು. ಅಡುಗೆಮನೆಯಿಂದ ಬಂದ ಹೆಂಡತಿ, ಮೊದಲು ಕಿರುಚುವುದು ನಿಲ್ಲಿಸಿ, ಪಕ್ಕದ ಮನೆಯವರಿಗೆಲ್ಲ ಕೇಳುತ್ತಿದೆ ಎಂದಳು.

ಆಗ ಮಗಳು ಎದ್ದು ಬಂದು ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. “ಲಕ್ಷ್ಮಿ ಇರ್ಲಿ ಅಜ್ಜಿ. ಗಣಪತಿನಾದ್ರೂ ಕಳಿಸ್ಬೋದಾ?”

ಅಮ್ಮ ಯೋಚಿಸಿದಳು. “ಗಣಪತಿ ಹೋಗ್ತಾನೆ. ವರ್ಷಾ ವರ್ಷ ಹೋಗಿ ಅವನಿಗೆ ಅಭ್ಯಾಸ.”

ಹಾಗೆಂದು ಸುಮ್ಮನೆ ಕಳಿಸುವಂತಿರಲಿಲ್ಲ. ಅಮ್ಮ ಫೋನನ್ನು ಮಣೆಯ ಮೇಲಿಟ್ಟು ಅಕ್ಷತೆ ಹಾಕಿದಳು. ಬಾಯಲ್ಲಿ ಏನೋ ಹೇಳಿಕೊಂಡು, ಹಬ್ಬದ ಕೊನೆಗೆ ಮಣ್ಣಿನ ಗಣಪನನ್ನು ಕದಲಿಸುವಂತೆ ಫೋನನ್ನು ತುಸು ಉತ್ತರಕ್ಕೆ ಸರಿಸಿದಳು. ವಿಸರ್ಜನೆ ಆಯಿತು, ಇನ್ನು ಅದು ಬರೀ ಚಿತ್ರ ಎಂದಳು. ಚಾರ್ಜರ್ ಸಿಕ್ಕಿಸುವ ತೂತಿನಲ್ಲಿ ಸಿಕ್ಕಿದ್ದ ಅಕ್ಕಿಕಾಳನ್ನು ಹೆಂಡತಿ ಪಿನ್ನಿನಿಂದ ತೆಗೆದಳು. ಅಷ್ಟೂ ಹೊತ್ತು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಮಗಳು ಗಣಪತಿಗಳನ್ನೆಲ್ಲ ಹುಡುಕಿ ಅಳಿಸಿದಳು, ಬುಟ್ಟಿಯನ್ನೂ ಖಾಲಿ ಮಾಡಿದಳು. ಪಟ್ಟಿ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಚಿತ್ರಗಳಿಗೆ ತೂಕವೇ ಇರಲಿಲ್ಲ. ಇಷ್ಟು ಹೊತ್ತು ಇದಕ್ಕೇನಾ ನಾವು ಹೊಡೆದಾಡಿದ್ದು ಎಂದು ನಾನು ಗೋಡೆಗೆ ಹೇಳಿದೆ. ಬೇರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ದೊಡ್ಡವು ಮೇಲೆ ಬರುವಂತೆ ಜೋಡಿಸಿ ನೋಡು ಎಂದು ಮಗಳಿಗೆ ಹೇಳಿದವಳು ಹೆಂಡತಿ. ಜೋಡಿಸಿದರೆ ಎಲ್ಲಕ್ಕಿಂತ ಮೇಲೆ ಒಂದು ಕಪ್ಪು ಚೌಕ ಬಂತು. ವಿಡಿಯೊ. ಒತ್ತಿದರೆ ಕತ್ತಲು, ಪ್ಲಾಸ್ಟಿಕ್ಕಿನ ಸರಬರ, ಆಚೆಯಿಂದ ಅಮ್ಮನ ದನಿ, “ಈ ನುಗ್ಗೆಕಾಯಿಗೆ ಅಷ್ಟೊಂದಾ? ಬಲ್ತೋಗಿದೆ ಕಣಪ್ಪ.” ತರಕಾರಿ ಚೀಲದೊಳಗೆ ಫೋನು ತಾನಾಗಿ ತೆಗೆದ ಚಿತ್ರ. ವಿಜಯನಗರದ ಮಾರ್ಕೆಟ್ಟಿಗೆ ಹೊಕ್ಕಲ್ಲಿಂದ ಆಟೊ ಇಳಿಯುವ ತನಕ ಪೂರ್ತಿ ಇತ್ತು. ಅದರ ಕೆಳಗೆ ಅಂಥವೇ ಇನ್ನಷ್ಟು.

ನಾನು ಅಮ್ಮನ ಮುಖ ನೋಡಿದೆ. “ತೆಗಿ ಅದನ್ನ,” ಎಂದಳು. “ಅದ್ರಲ್ಲಿ ಯಾವ ದೇವರೂ ಇಲ್ಲ.”

ಅವು ಹೋದವು, ಕೆಂಪು ಪಟ್ಟಿ ಮಾಯವಾಯಿತು. ವಾಪಸ್ ಹೋಗಿದ್ದ ಮೇಲ್ ತಾನಾಗಿ ಬರುತ್ತದೆಂದು ನಾವು ಪರದೆ ನೋಡುತ್ತ ಕುಳಿತೆವು. ಬರಲಿಲ್ಲ. ಮಗಳು ಮತ್ತೆ ಕಾಲೇಜಿಗೆ ಫೋನು ಮಾಡಿದಳು. ಅಲ್ಲಿ ಊಟದ ಹೊತ್ತು, ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಊಟಕ್ಕೆ ಏಳಲಿಲ್ಲ. ಕೊನೆಗೆ ಫೋನು ಎತ್ತಿದವರು ಗೊಣಗಿಕೊಂಡೇ ಇನ್ನೊಮ್ಮೆ ಕಳಿಸುತ್ತೇವೆ ಎಂದರು. ಮೇಲ್ ಬಂತು. ಮಗಳು ಮೇಲಿಂದ ಕೆಳಗೆ ಎರಡು ಸಲ ಓದಿ, ಲಿಂಕ್ ಒತ್ತಿ, ಒಪ್ಪಿಗೆ ದಾಖಲಾಗಿದೆ ಎಂಬ ಸಾಲು ಬಂದ ಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಆಗ ಅತ್ತಳು.

ಆ ಸಾಲನ್ನು ನನ್ನ ಜೊತೆ ಕಣ್ಣಾರೆ ಕಂಡವರು ಮೂವರು, ಮೂವರೂ ಇದ್ದಾರೆ. ಹೆಂಡತಿ ಇಲ್ಲೇ ಇದ್ದಾಳೆ, ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದುತ್ತಾಳೆ. ಮಗಳು ಹಾಸ್ಟೆಲಿನಲ್ಲಿದ್ದಾಳೆ, ದಿನವೂ ತನ್ನ ಊಟದ ತಟ್ಟೆಯ ಫೋಟೊವನ್ನು ಅಜ್ಜಿಗೆ ಕಳಿಸುತ್ತಾಳೆ. ಅಮ್ಮ ಗಟ್ಟಿಯಾಗಿದ್ದಾಳೆ, ಆ ತಟ್ಟೆಗಳಲ್ಲಿ ಒಂದನ್ನೂ ಅಳಿಸಲು ಬಿಡುತ್ತಿಲ್ಲ.