ಕ್ಯಾನಿಗೆ ಮೂಗಿಡುವ ನೆರೆಯವನು

ಭೀಮರಾಯನಗುಡಿಯಲ್ಲಿ ನಮ್ಮ ಪಕ್ಕದ ಮನೆಯವನು ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದ. ಊರೂರಿಗೆ ನೀರು ಬಿಡುವವನಿಗೆ ಮನೆಯಲ್ಲಿ ಕುಡಿಯುವ ನೀರಿನ ಒಂದು ಕ್ಯಾನಿನದೇ ಚಿಂತೆ. ಖಾಲಿ ಕ್ಯಾನಿಗೆ ಒಂದು ಹಿಡಿ ಅಕ್ಕಿ, ಉಪ್ಪು, ಬೆಚ್ಚಗಿನ ನೀರು ಹಾಕಿ, ಮುಚ್ಚಳ ಬಿಗಿದು, ಅಂಗಳದಲ್ಲಿ ಕಾಲಿನಿಂದ ಉರುಳಿಸುತ್ತಿದ್ದ. ತೊಳೆದ ಮೇಲೆ ಅದರ ಬಾಯಿಗೆ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದ.

"ಕಣ್ಣಿಗೆ ಕಾಣಂಗಿಲ್ಲ ಯಕ್ಕಾ, ಮೂಗಿಗೆ ಗೊತ್ತಾಗ್ತದ" ಎನ್ನುವುದು ಅವನ ದಿನದ ಮಾತು. ನಾನು ನನ್ನ ಕ್ಯಾನನ್ನು ಸುಮ್ಮನೆ ಕುಲುಕಿ ಮತ್ತೆ ತುಂಬಿಸಿಕೊಳ್ಳುತ್ತಿದ್ದೆ.

ನನ್ನ ಮೊಮ್ಮಗಳನ್ನು ನೋಡಲು ಸಗರದಿಂದ ಗಂಡಿನವರು ಬಂದ ದಿನ, ನೆರೆಯವನೆಂದು ಅವನನ್ನೂ ಕರೆದಿದ್ದೆ. ಎಲ್ಲರಿಗೂ ನೀರು ಕೊಟ್ಟೆ. ಅವನು ಲೋಟ ಮೂಸಿದ, ಒಳಗೆ ಹೋಗಿ ಕ್ಯಾನನ್ನೂ ಮೂಸಿ ಬಂದ.

"ಯಾರೂ ಕುಡೀಬ್ಯಾಡ್ರಿ. ಒಳಗ ಪಾಚಿ ಹಿಡದದ."

ಅದಕ್ಕೂ ಮೊದಲು ಎರಡು ಸಂಬಂಧ ಬಂದು ತಪ್ಪಿದ್ದವು. ಇದೂ ಹೋಯಿತು ಅಂದುಕೊಂಡೆ.

"ನಿನ್ನ ಮೂಗಿಗೆ ಬೆಂಕಿ ಹತ್ತಲಿ! ಇವರು ಹುಡುಗಿ ನೋಡಾಕ ಬಂದಾರೋ, ಕ್ಯಾನ್ ನೋಡಾಕ ಬಂದಾರೋ?" ಎಂದು ಎಲ್ಲರೆದುರು ಬೈದೆ.

ಅವನು ಎದ್ದು ಮನೆಗೆ ಹೋಗಿ ತನ್ನ ಕ್ಯಾನನ್ನು ಹೆಗಲ ಮೇಲೆ ಹೊತ್ತು ತಂದ. ಹುಡುಗನ ತಾಯಿ ಆ ನೀರನ್ನು ಎರಡು ಲೋಟ ಕುಡಿದು ಬಾಯಿ ಒರೆಸಿಕೊಂಡಳು.

"ಬಾಜೂ ಮನಿಯವ್ರು ಇಷ್ಟು ಖರೇ ಮಾತಾಡ್ತೀರಿ. ನೀವೇ ಹೇಳ್ರಿ, ಹುಡುಗಿ ಹ್ಯಾಂಗದಾಳ?"

ಅವನು ತಲೆ ಕೆರೆದುಕೊಂಡ.

"ಹುಡುಗಿ ಬಂಗಾರದಂಥಾಕಿ ಅದಾಳ್ರಿ. ಕ್ಯಾನ್ ತೊಳಿಯಾಕಿ ಈ ಯಕ್ಕ."

ಗಂಡಿನವರು ಬಿದ್ದು ಬಿದ್ದು ನಕ್ಕರು. ಅಂದೇ ಸಂಬಂಧ ಕೂಡಿ ಎಲೆ ಅಡಿಕೆ ಹಂಚಿದೆವು. ಮೊದಲ ಎಲೆ ಅವನಿಗೇ ಕೊಟ್ಟೆ.