ದೋಣಿ ಎಳೆದುಕೊಂಡು ಮಣಿಪಾಲ ಇಳಿದದ್ದು

ಉಡುಪಿಯಲ್ಲಿ ಹೋಟೆಲಿನೆದುರು ಲಾರಿ ನಿಲ್ಲಿಸಿ, ಚಹಾ ಕುಡಿಯುತ್ತ ಇದನ್ನು ಬರೆಯುತ್ತಿದ್ದೇನೆ. ಲಾರಿಯ ಹಿಂದಿನ ಟ್ರೈಲರಿನಲ್ಲಿ ಕಾರ್ಕಳದಿಂದ ತಂದ ಹೊಸ ದೋಣಿ ಇದೆ. ಅದು ಇಲ್ಲಿಯ ಕಡಲತೀರದ ಮೀನುಗಾರ ವಸಂತಣ್ಣನದು. ಹಳೆಯ ದೋಣಿ ಬಂಡೆಗೆ ಬಡಿದು ಒಡೆದ ಮೇಲೆ ಅವರ ಮನೆಯವರು ಕಡಲಿಗೇ ಇಳಿದಿಲ್ಲ. ಸಪಾಟು ರಸ್ತೆಯಲ್ಲಿ ನಾನು ಎಷ್ಟೋ ಭಾರ ಎಳೆದಿದ್ದೇನೆ. ಹೀಗೆ ಎಳೆದುಕೊಂಡು ಗುಡ್ಡ ಇಳಿದದ್ದು ಇವತ್ತೇ ಮೊದಲು.

ಪರ್ಕಳದ ಏರು ಹತ್ತಿ ಮಣಿಪಾಲಕ್ಕೆ ಬಂದಾಗ, ಇಳಿಜಾರು ಶುರುವಾಗುವ ಮೊದಲೇ ಲಾರಿಯನ್ನು ಬಹುತೇಕ ನಿಲ್ಲಿಸಿ ಎರಡನೇ ಗೇರಿಗೆ ಹಾಕಿದೆ. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯತೊಡಗಿದವು.

“ಎಂತ ಮಾರಾಯ್ತಿ, ಇಷ್ಟು ನಿಧಾನ?” ಎಂದರು ಪಕ್ಕದಲ್ಲಿದ್ದ ವಸಂತಣ್ಣ.

“ಇಳಿಯುವಾಗ ದೋಣಿ ನಮ್ಮನ್ನು ದೂಡುತ್ತದೆ ಅಣ್ಣ. ಬ್ರೇಕ್ ಒತ್ತಿಕೊಂಡೇ ಹೋದರೆ ಅದು ಕಾದು, ಆಮೇಲೆ ಹಿಡಿಯುವುದೇ ಇಲ್ಲ. ಸಣ್ಣ ಗೇರಿನಲ್ಲಿ ಎಂಜಿನ್ನೇ ತಡೆಯಬೇಕು.”

ದೋಣಿ ದೂಡಿಯೇ ಬಿಟ್ಟಿತು. ಬೆನ್ನಿಗೆ ಯಾರೋ ಕೈಯಿಟ್ಟು ತಳ್ಳಿದಂತೆ ಸೀಟಿನಲ್ಲೇ ಗೊತ್ತಾಯಿತು. ಎಂಜಿನ್ ಗರ್ಜಿಸಿತು, ವೇಗ ಏರಿತು. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಪೂರ್ತಿ ಬಿಟ್ಟೆ. ಮತ್ತೆ ಏರಿತು, ಮತ್ತೆ ಒತ್ತಿ ಬಿಟ್ಟೆ. ಹಾರ್ನುಗಳಿಗೆ ಜಗ್ಗಲಿಲ್ಲ. ವಸಂತಣ್ಣ ಕನ್ನಡಿಯಲ್ಲಿ ದೋಣಿಯನ್ನೇ ನೋಡುತ್ತಿದ್ದರು.

ಕೆಳಗೆ ಬಂದು ನಿಲ್ಲಿಸಿದವಳೇ ಇಳಿದು, ಚಕ್ರದ ಬಳಿ ಬಗ್ಗಿ ಮೂಸಿ ನೋಡಿದೆ. ಸುಟ್ಟ ವಾಸನೆ ಇರಲಿಲ್ಲ. ರಸ್ತೆಯ ಬದಿಯಲ್ಲಿ ಒಬ್ಬಳೇ ನಿಂತು ನಕ್ಕೆ.

ಈಗ ವಸಂತಣ್ಣ ಚಹಾ ಆರಲು ಬಿಟ್ಟು, ಹೋಟೆಲಿಗೆಲ್ಲ ಕೇಳುವಂತೆ ಮನೆಗೆ ಫೋನಿನಲ್ಲಿ ತುಳುವಿನಲ್ಲಿ ಹೇಳುತ್ತಿದ್ದಾರೆ: ಬಲೆಗಳನ್ನು ಹೊರಗೆ ತೆಗೆದಿಡಬೇಕಂತೆ, ನಾಳೆ ಕಡಲಿಗೆ ಹೋಗುವುದುಂಟಂತೆ.