ಜಾಕಿಗೆ ಹೊಯ್ದ ಎಣ್ಣೆ

ನಮ್ಮ ಮನೆತನದಲ್ಲಿ ಹೆಣ್ಣು ನೋಡಲು ಇಬ್ಬರು ಹೋಗಿ, ಚಹಾ ಕುಡಿದು, ಅರ್ಧ ತಾಸಿನಲ್ಲಿ ತೀರ್ಮಾನ ಮಾಡಿ ಬರುತ್ತಿದ್ದರು. ಕಾರು ಎತ್ತುವ ಒಂದು ಜಾಕು ಆರಿಸಲು ಮಾತ್ರ ಮೂರು ತಿಂಗಳು ಹಿಡಿಯಿತು. ಆ ಆಯ್ಕೆಯ ಸಂಪೂರ್ಣ ಗೌರವ ನನ್ನದು. ಅದರ ಬೆಲೆ ತೆತ್ತದ್ದು ನನ್ನ ಕಾಕಾನ ಬಲಗೈ.

ಎಪ್ಪತ್ತರ ದಶಕದ ನಡುವಿನ ಮಾತು. ಕಾಕಾ ಬಸವನ ಬಾಗೇವಾಡಿಯಲ್ಲಿ ಒಂದು ಹಳೆಯ ಕರಿ ಕಾರು ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಿದ್ದ. ಮದುವೆಯಿದ್ದರೆ ಇಂಡಿಗೆ, ಕೋರ್ಟಿನ ಖಟ್ಲೆಯಿದ್ದರೆ ಸಿಂದಗಿಗೆ, ಹೆರಿಗೆ ಕಷ್ಟವಾದರೆ ಬಿಜಾಪುರದ ಆಸ್ಪತ್ರೆಗೆ. ಎತ್ತು ಮಾರಿದ ಮೇಲೆ ಬರಿದಾದ ಕೊಟ್ಟಿಗೆಯೇ ಗ್ಯಾರೇಜು. ಮೇವು ಹಾಕುತ್ತಿದ್ದ ಗೋದಲಿಯಲ್ಲಿ ಈಗ ಪಾನಾ, ಪಂಪು, ತೇಪೆ ಹಾಕಿದ ಟ್ಯೂಬು. ರಿಪೇರಿಯೆಲ್ಲ ಕಾಕಾನದೇ. ಅಪ್ಪ ಇಲ್ಲದ ನನ್ನನ್ನು ಓದಿಸಿದವನೂ ಅವನೇ. ಓದಿದ ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟೊಡನೆ ಬಸ್ಸು ಹತ್ತಿ ಅವನ ಮನೆಗೆ ಬರುತ್ತಿದ್ದೆ.

ಕಾರಿನೊಂದಿಗೆ ಬಂದಿದ್ದ ಸ್ಕ್ರೂ ಜಾಕಿನ ಆಟೆಗಳು, ಅಂದರೆ ತಿರುಪಿನ ಸುತ್ತುಗಳು, ಸವೆದಿದ್ದವು. ಹೊಸದು ಬೇಕು. ಕೊಟ್ಟಿಗೆಯ ಗಟ್ಟಿ ನೆಲದಲ್ಲೂ ನಡೆಯಬೇಕು, ಎರೆಮಣ್ಣಿನ ಹಾದಿಯಲ್ಲೂ ನಡೆಯಬೇಕು. ಕಾಕಾನ ಮತ ಮತ್ತೊಂದು ಸ್ಕ್ರೂ ಜಾಕಿಗೆ. ನನ್ನ ಮತ ಎಣ್ಣೆ ಜಾಕಿಗೆ. ಈ ಚರ್ಚೆ ಮೂರು ತಿಂಗಳು, ಪ್ರತಿ ರವಿವಾರ, ರೊಟ್ಟಿಯ ಮುಂದೆ ನಡೆಯಿತು.

"ಸ್ಕ್ರೂ ಅಂದ್ರ ಕಣ್ಣಿಗಿ ಕಾಣತೈತಿ," ಎಂದ ಕಾಕಾ. "ಆಟೆ ಎಷ್ಟ್ ಸವದಾವ, ಎಲ್ಲೀತನಾ ಏರೇತಿ, ಎಲ್ಲಾ ಹೊರಗ. ನಿನ್ನ ಎಣ್ಣಿ ಜಾಕಿನ ಹೊಟ್ಟ್ಯಾಗ ಏನ್ ನಡದೈತಿ ಅಂತ ಯಾರಿಗಿ ಗೊತ್ತು?"

"ನನಗ ಗೊತ್ತೈತ್ರಿ ಕಾಕಾ. ಒಂಬತ್ತನೇ ಇಯತ್ತೆ ಹುಡುಗ್ರಿಗಿ ಅದನ್ನ ಕಲಸ್ತೇನಿ."

"ಹಾಂಗಾರ ಗಾಡಿ ಕೆಳಗ ನಿನ್ನ ಹುಡುಗ್ರನ್ನ ಮಲಗಸ್ತಿಯೇನ?"

ಕಾಕಿ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು: "ಕಲತಾಂವ ಹೇಳಾಕತ್ತಾನಂದ್ರ ಕೇಳಬಾರದೇನ? ಮತ್ತ ಯಾಕ ಸಾಲಿ ಕಲಿಸಿದ್ರಿ?"

ಸಿಂದಗಿಯ ಸಂತೆಯ ದಿನ ಕಾಕಾನೂ ನಾನೂ ಹೋದೆವು. ಹಳೆಯ ಕಬ್ಬಿಣ ಮಾರುವವನೊಬ್ಬ ತಟ್ಟಿನ ಚೀಲದ ಮೇಲೆ ಎರಡೂ ಬಗೆಯವನ್ನು ಇಟ್ಟಿದ್ದ. ಕಾಕಾ ಸ್ಕ್ರೂ ಜಾಕಿನ ಆಟೆಗಳಿಗೆ ಉಗುರು ತಾಗಿಸಿ ನೋಡಿದ, ಎತ್ತಿನ ಹಲ್ಲು ನೋಡಿದ ಹಾಗೆ. ನಾನು ಎಣ್ಣೆ ಜಾಕಿನ ಹಿಡಿಕೆ ಒತ್ತಿದೆ. ಸಣ್ಣ ದುಂಡನೆಯ ಕಂಬ ಮೆಲ್ಲಗೆ ಮೇಲೆದ್ದಿತು, ಮರ್ಯಾದಸ್ಥ ಅತಿಥಿಯ ಹಾಗೆ.

"ಇದು ಮಿಲಿಟರಿ ಮಾಲ್ ಐತ್ರಿ ಮಾಸ್ತರ್ರ. ಲಾರಿ ಎತ್ತೈತಿ, ನಿಮ್ಮ ಕಾರು ಯಾವ ಲೆಕ್ಕ? ವರ್ಷಕ್ಕೊಮ್ಮೆ ಎಣ್ಣಿ ನೋಡ್ರಿ, ಅಷ್ಟ."

"ಯಾವ ಎಣ್ಣಿ?" ಎಂದು ಕಾಕಾ ಕೇಳಿದ.

"ಜಾಕಿನ ಎಣ್ಣೀನ ಬ್ಯಾರೆ ಬರ್ತೈತ್ರಿ. ಬಿಜಾಪುರದಾಗ ಸಿಗತೈತಿ."

ಪ್ರಶ್ನೆ ಕೇಳಿದವನು ಕಾಕಾ. ಉತ್ತರ ಕೇಳಿಸಿಕೊಳ್ಳಬೇಕಾದವನು ನಾನು. ನಾನಾಗಲೇ ಜಾಕನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದೆ.

ವರ್ಷವಿಡೀ ಅದು ನನ್ನ ಮಾನ ಉಳಿಸಿತು. ಮುಳವಾಡದ ಹತ್ತಿರ ಒಂದು ಮದುವೆಯ ದಿಬ್ಬಣ ಎರೆಮಣ್ಣಿನಲ್ಲಿ ಗಾಲಿ ಪಂಕ್ಚರಾಗಿ ಸಿಕ್ಕಿಕೊಂಡಾಗ, ಜಾಕಿನ ಅಡಿಗೆ ಹಲಗೆ ಕೊಟ್ಟು, ವರ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಗಾಲಿ ಬದಲಿಸಿದೆವು. ಕಾಕಾ ಹೊಗಳಲಿಲ್ಲ. ಆದರೆ ಸವೆದ ಹಳೆಯ ಜಾಕನ್ನು ಸೀಟಿನ ಕೆಳಗಿನಿಂದ ತೆಗೆದು ಗೋದಲಿಯಲ್ಲಿಟ್ಟ. ಅವನ ಕಡೆಯಿಂದ ಅದು ಶಾಲು ಹೊದಿಸಿದಂತೆ. ಒಂದು ಪದ್ಧತಿ ಮಾತ್ರ ಬಿಡಲಿಲ್ಲ: ಕಾರು ಎತ್ತಿದೊಡನೆ ಅದರಡಿಗೆ ಒಂದು ಜಾಲಿ ಕೊರಡು ನೂಕುವುದು. ಕೊರಡು ಕೂಡುವ ತನಕ ಗಾಲಿಗೆ ಕೈ ಹಚ್ಚುತ್ತಿರಲಿಲ್ಲ. "ವಿಜ್ಞಾನ ದೊಡ್ಡದು, ಜಾಲಿ ಅದಕ್ಕಿಂತ ಗಟ್ಟಿ," ಎನ್ನುತ್ತಿದ್ದ. ನಾನು ನಗುತ್ತಿದ್ದೆ.

ಕಾರಹುಣ್ಣಿಮೆಗೆ ಮುಂಚಿನ ರವಿವಾರ. ಕಾಕಾ ಹೊರಗೆ ಹೋಗಿದ್ದ. ಜಾಕು ಅರ್ಧಕ್ಕೇರಿ ನಿಲ್ಲುತ್ತಿತ್ತು. ಎಣ್ಣೆ ಕಡಿಮೆಯಾಗಿದೆ ಎಂದು ತಿಳಿಯಲು ಪದವಿ ಬೇಕಿರಲಿಲ್ಲ, ಆದರೆ ನನಗೆ ಪದವಿಯಿತ್ತು. ಬಿಜಾಪುರಕ್ಕೆ ಹೋಗಲು ಬೇಸರ. ನಾನು ತರಗತಿಯಲ್ಲಿ ಹೇಳುತ್ತಿದ್ದುದು ನೆನಪಾಯಿತು: ದ್ರವ ಯಾವುದಾದರೇನು, ಒತ್ತಡ ಎಲ್ಲ ಕಡೆಗೂ ಸಮ. ಅಡಿಗೆಮನೆಯಲ್ಲಿ ದ್ರವವಿತ್ತು, ಗಾಣದಿಂದ ಬಂದ ಹೊಸ ಕುಸುಬಿ ಎಣ್ಣೆ. ಒಂದು ಬಟ್ಟಲು ತಂದು, ತಿರುಪು ತೆಗೆದು ಹೊಯ್ದೆ. ಜಾಕು ಹೊಸದರ ಹಾಗೆ ಮೇಲೆದ್ದಿತು. ಕೈ ಒರೆಸಿಕೊಂಡೆ. ಯಾರಿಗೂ ಹೇಳಲಿಲ್ಲ. ಕದ್ದೆನೆಂದಲ್ಲ, ಹೇಳುವಷ್ಟು ದೊಡ್ಡ ಸಂಗತಿಯೆಂದು ಅನಿಸಲಿಲ್ಲ.

ಸಂಜೆ ಕಾಕಿ ಡಬ್ಬಿ ನೋಡಿ, "ಬಾಜೂ ಮನಿಯಾಕಿ ಬೆಂಕಿ ಕೇಳಾಕ ಬಂದಿದ್ಲು. ಬೆಂಕಿ ಜೋಡಿ ಎಣ್ಣೀನೂ ಒಯ್ದಾಳ ನೋಡು," ಎಂದಳು. ನಾನು ಆ ಹೊತ್ತಿಗೆ ಬಸ್ಸಿನಲ್ಲಿದ್ದೆ. ಇದೆಲ್ಲ ಆಮೇಲೆ ತಿಳಿದದ್ದು.

ನಮ್ಮ ಕಡೆ ಸಾಲೆ ಕಲಿಯದ ಹೆಣ್ಣುಮಗಳಿಗೂ ಒಂದು ವಿಷಯ ಗೊತ್ತಿರುತ್ತದೆ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಅಂಟಾಗುತ್ತದೆ. ಡಬ್ಬಿಯ ಮುಚ್ಚಳ ಕಚ್ಚಿಕೊಳ್ಳುತ್ತದೆ. ದೀಪದ ಬಾಯಿಯ ಜಿಡ್ಡನ್ನು ಬೂದಿ ಹಾಕಿ ಕೆರೆಯಬೇಕಾಗುತ್ತದೆ. ಕಾಕಿ ವಾರಕ್ಕೊಮ್ಮೆ ಕೆರೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದು ಪಠ್ಯದಲ್ಲಿರಲಿಲ್ಲ.

ಮುಂಗಾರು ಮುಗಿದು, ಸೀಗಿಹುಣ್ಣಿಮೆ ಕಳೆದು ಎಂಟು ದಿನ. ಶನಿವಾರ ನಾನು ಬಸ್ಸಿಳಿದು ಬಂದಾಗ ಕೊಟ್ಟಿಗೆಯ ಮುಂದೆ ಜನ. ಕಾಕಾ ಗಾಳಿ ಹೋದ ಹಿಂದಿನ ಗಾಲಿ ಕಳಚಲು ಕಾರು ಎತ್ತಿದ್ದಾನೆ. ಪದ್ಧತಿಯಂತೆ ಬಲಗೈಯಿಂದ ಕೊರಡನ್ನು ಅಡಿಗೆ ನೂಕಿದ್ದಾನೆ. ಜಾಕಿನೊಳಗೆ ಎಣ್ಣೆ ತಡೆದು ಮುಚ್ಚಬೇಕಾದ ಕವಾಟ ಅಂಟಿನಲ್ಲಿ ಕಚ್ಚಿ ಮುಚ್ಚಿರಲಿಲ್ಲ. ಕಾರು ಸದ್ದಿಲ್ಲದೆ ಇಳಿದು, ಕೊರಡಿಗೂ ಗಾಲಿಯ ಅಚ್ಚಿಗೂ ನಡುವೆ ಅವನ ಕೈ ಹಿಡಿದುಕೊಂಡಿತ್ತು. ಜಾಗ್ರತೆಯ ಕೆಲಸ ಮಾಡುತ್ತಿದ್ದಾಗಲೇ. ಕೊರಡು ಬೇಡವೆಂದು ನಕ್ಕ ನನ್ನ ಕೈ ನೆಟ್ಟಗಿತ್ತು.

ಎತ್ತಲು ಜಾಕಿಲ್ಲ. ಏಳು ಮಂದಿ ಹೆಗಲು ಕೊಟ್ಟು ಎತ್ತಿದರು. ಊರವರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸಿದ ಕಾರು ಗಾಳಿ ಹೋದ ಗಾಲಿಯ ಮೇಲೆ ಅಲ್ಲೇ ನಿಂತಿತು. ಕಾರಿನವನು ಬಿಜಾಪುರಕ್ಕೆ ಹೋದದ್ದು ತೊಗರಿ ಚೀಲದ ಲಾರಿಯಲ್ಲಿ. ಚೀಲಗಳ ಮೇಲೆ ಅವನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಒಂದೇ ಮಾತು: "ಸೋಮವಾರ ಇಂಡಿ ಬಾಡಿಗಿ ಐತಿ, ಬ್ಯಾರೇದವರಿಗಿ ಹೇಳು."

ಮೂರು ಬೆರಳು ತೆಗೆದರು. ಉಳಿದ ಎರಡು ಮಡಚಲು ಬಾರದಾದವು. ಊರು ಹಲವು ಕಾರಣ ಹುಡುಕಿತು: ದೃಷ್ಟಿ, ಕೆಟ್ಟ ಗಳಿಗೆಯಲ್ಲಿ ಕೊಂಡ ಕಬ್ಬಿಣ, ಮಾರಿದವನ ಮೋಸ. ಮೋಸವೆಂದಾಗ ನಾನೂ ತಲೆಯಾಡಿಸಿದೆ. ಅದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ಯುಗಾದಿಯ ಹೊತ್ತಿಗೆ ಒಂದು ರವಿವಾರ ಕೊಟ್ಟಿಗೆಯಿಂದ ಕಾಕಾ ಕರೆದ. ಜಾಕನ್ನು ಕಾಲ ನಡುವೆ ಇಟ್ಟುಕೊಂಡು ಎಡಗೈಯಿಂದ ತಿರುಪು ತೆಗೆದಿದ್ದ. ನೆಲಕ್ಕೆ ಹರವಿದ ಬೂದಿಯ ಮೇಲೆ ಜೇನಿನಂತೆ ದಪ್ಪನೆಯದೇನೋ ಇಳಿಯುತ್ತಿತ್ತು.

"ಮಾಸ್ತರ, ಇಲ್ಲಿ ಬಾ. ವಾಸನಿ ನೋಡು."

ನೋಡಿದೆ. ಹಳೆಯ ಹಪ್ಪಳದ ವಾಸನೆ.

"ಏನದು?"

"ಕುಸುಬಿ," ಎಂದೆ.

"ಯಾವಾಗ ಹಾಕಿದಿ?"

"ಕಾರಹುಣ್ಣಿವಿ ಮುಂಚಿನ ರವಿವಾರ."

ಕಾಕಾ ಅಲ್ಲಿಂದ ಸೀಗಿಹುಣ್ಣಿಮೆಯ ತನಕ ತಿಂಗಳು ಎಣಿಸತೊಡಗಿದ. ಅಭ್ಯಾಸದಂತೆ ಬಲಗೈಯಲ್ಲಿ ಶುರುಮಾಡಿದ, ಬೆರಳು ಸಾಲಲಿಲ್ಲ, ಎಡಗೈಗೆ ಬಂದ. ಆಮೇಲೆ ತಿರುಪು ಮತ್ತೆ ಕೂಡಿಸಿದ.

"ನಿಮ್ಮ ಕಾಕಿಗಿ ಹೇಳಬ್ಯಾಡ. ಆ ಎಣ್ಣಿ ಸಲುವಾಗಿ ಬಾಜೂ ಮನಿಯಾಕಿ ಜೋಡಿ ಮಾತ ಬಿಟ್ಟಾಳ. ಇಷ್ಟ ದಿನಾ ಬೈದದ್ದೆಲ್ಲಾ ಹೊಳ್ಳಿ ತಗೋಬೇಕಂದ್ರ ಆಕಿ ಸತ್ತಹೋಗ್ತಾಳ."

ಬೈಯಬಹುದಿತ್ತು. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ.

ಆ ಬೇಸಿಗೆಯಲ್ಲೇ ಕಾರು ಮಾರಿದ. ಕೊಂಡವನು ಇಂಡಿಯ ಕಡೆಯವನು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಯಾರೋ ನನ್ನ ಪರಿಚಯ ಹೇಳಿರಬೇಕು, ನನ್ನ ಕಡೆ ತಿರುಗಿದ.

"ನೀವು ಕಲತವ್ರು. ಜಾಕ್ ಯಾವ್ದ ತಗೊಳ್ಳಿ ಹೇಳ್ರಿ, ಸ್ಕ್ರೂಂದೋ, ಎಣ್ಣೀದೋ?"

ಕಾಕಾ ಎಡಗೈಯಲ್ಲಿ ಚಹಾದ ಬಸಿ ಹಿಡಿದು ಊದುತ್ತಿದ್ದವನು ಊದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಒಳಗೆ ಕಾಕಿ ಬೂದಿ ಹಾಕಿ ದೀಪ ಕೆರೆಯುವ ಸದ್ದು ಕೇಳುತ್ತಿತ್ತು.

"ನನಗ ಗೊತ್ತಿಲ್ರಿ," ಎಂದೆ. "ಕಾಕಾನ್ನ ಕೇಳ್ರಿ."